ಹೆಚ್ಚಾದ ಆರು ಕಿಲೋ

ಸಮುದ್ರದೊಳಗೆ ಇಳಿಯುವವರ ಸಾಮಾನಿನಲ್ಲಿ ಒಂದು ತಮಾಷೆಯಿದೆ. ನೀರಿಗೆ ಬಿದ್ದ ಮೇಲೆ ಅದಕ್ಕೆ ತೂಕವೇ ಇರುವುದಿಲ್ಲ. ಬೆನ್ನ ಮೇಲೆ ಏನಾದರೂ ಇದೆಯೇ ಎಂದು ಕೈಯಿಟ್ಟು ನೋಡಿಕೊಳ್ಳಬೇಕು, ಅಷ್ಟು ಹಗುರ. ಆದರೆ ಆ ನೀರಿನ ತನಕ ಅದನ್ನು ಮುಟ್ಟಿಸುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ. ಗಾಳಿ ತುಂಬುವ ಜಾಕೆಟ್ಟು, ದಪ್ಪ ರಬ್ಬರಿನ ಸೂಟು, ಕಾಲಿಗೆ ಕಟ್ಟುವ ಉದ್ದನೆಯ ರೆಕ್ಕೆಗಳು, ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ರೆಗ್ಯುಲೇಟರು, ಅದರ ಕೊಳವೆಗಳು, ಮುಖವಾಡ, ಬೂಟು, ಟಾರ್ಚು. ಸಿಲಿಂಡರನ್ನೂ ಸೊಂಟಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ದ್ವೀಪದಲ್ಲೇ ಕೊಡುತ್ತಾರೆ ಎನ್ನುವುದೊಂದೇ ಸಮಾಧಾನ. ವಿಮಾನದವರ ಹತ್ತಿರ ಹೋಗಿ, 'ಸ್ವಾಮಿ, ನೀರಿನೊಳಗೆ ಇದು ಹಗುರ' ಎಂದರೆ ಯಾರು ಕೇಳುತ್ತಾರೆ?

ನಾನು ಈಜುಕೊಳದಲ್ಲಿ ಈಜು ಕಲಿಸುವವಳು. ಬೆಳಿಗ್ಗೆ ಮಕ್ಕಳಿಗೆ, ಮಧ್ಯಾಹ್ನ ಮಂಡಿನೋವಿನ ಹೆಂಗಸರಿಗೆ, ಸಂಜೆ ತಮಗೆ ಎಲ್ಲ ಗೊತ್ತು ಎಂದುಕೊಂಡ ಗಂಡಸರಿಗೆ. ಆ ಕ್ಲೋರಿನ್ ವಾಸನೆಯ ನೀರಿನಿಂದ ಎದ್ದು ಸಮುದ್ರಕ್ಕೆ ಹೋಗಿ, ಡೈವಿಂಗ್ ಕಲಿಸುವ ಗುರುವಾಗಬೇಕೆಂದು ನನ್ನ ಆಸೆ. ಅದಕ್ಕೊಂದು ಪರೀಕ್ಷೆಯಿದೆ. ಮೊದಲನೇ ಸಲ ಕಿವಿ ಸೋರಿ ಹೋಗಲಾಗಲಿಲ್ಲ. ಎರಡನೇ ಸಲ ಚಂಡಮಾರುತ ಎದ್ದು ದ್ವೀಪದವರೇ ಬಾಗಿಲು ಹಾಕಿಕೊಂಡರು. ಈ ಮೂರನೇ ಸಲವೂ ತಪ್ಪಿದರೆ ಮಾಡಿದ ತರಬೇತಿಯೆಲ್ಲ ಮಣ್ಣುಪಾಲು, ಮತ್ತೆ ಮೊದಲಿನಿಂದ ಶುರು. ಪರೀಕ್ಷೆಗೆ ಸ್ವಂತ ಸಾಮಾನು ತರಲೇಬೇಕೆಂಬುದು ಅವರ ನಿಯಮ. ಆ ದ್ವೀಪಕ್ಕೆ ಹೋಗುವುದೋ ಒಂದು ಪುಟ್ಟ ವಿಮಾನ. ಅದರ ಹೊಟ್ಟೆಯೊಳಗೆ ಒಬ್ಬೊಬ್ಬರಿಗೆ ಹದಿನೈದು ಕಿಲೋ, ಕೈಚೀಲದಲ್ಲಿ ಐದು ಕಿಲೋ. ಮೇಲೆ ದುಡ್ಡು ಕೊಡುತ್ತೇನೆಂದರೂ ಒಂದು ಕಿಲೋ ಹೆಚ್ಚಿಗೆ ಹತ್ತಿಸುವುದಿಲ್ಲ.

ನನ್ನ ಬ್ಯಾಗು ತೂಗುವವನು ನನ್ನ ಅಣ್ಣ. ನಾನು ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಆಗಿನಿಂದ ನನ್ನನ್ನು ಸಾಕಿದವನು, ಬೈದವನು, ತಲೆ ಬಾಚಲು ಬಾರದೆ ಎರಡು ಜಡೆಯನ್ನು ಎರಡು ಎತ್ತರದಲ್ಲಿ ಕಟ್ಟಿ ಶಾಲೆಗೆ ಕಳಿಸಿದವನು ಅವನೇ. ಕೆಳಗೆ ಅವನ ಬೇಕರಿ, ಮೇಲೆ ನಮ್ಮ ಮನೆ. ಸದಾ ನೀರಿನಲ್ಲಿರುತ್ತೇನೆಂದು ನನ್ನನ್ನು ಕಪ್ಪೆ ಎಂದು ಕರೆಯುತ್ತಾನೆ. ಮನೆಗೆ ಬಂದ ಗಂಡಿನ ಕಡೆಯವರ ಮುಂದೆಯೂ ಹಾಗೇ ಕರೆದಿದ್ದ. ಆ ಸಂಬಂಧ ಮುಂದುವರಿಯಲಿಲ್ಲ, ಅದು ಬೇರೆ ಮಾತು.

ತೂಗುವ ವಿಧಾನ ಹೀಗೆ. ಬ್ಯಾಗನ್ನು ಬಚ್ಚಲುಮನೆಯ ತೂಕದ ಯಂತ್ರದ ಮೇಲಿಟ್ಟರೆ ಯಂತ್ರವೇ ಮುಚ್ಚಿಹೋಗಿ ಅಂಕಿ ಕಾಣುವುದಿಲ್ಲ. ಹಾಗಾಗಿ ಅಣ್ಣ ಬ್ಯಾಗನ್ನು ಅಪ್ಪಿಕೊಂಡು ಯಂತ್ರದ ಮೇಲೆ ನಿಲ್ಲುತ್ತಾನೆ, ನಾನು ನೆಲದ ಮೇಲೆ ಬಗ್ಗಿ ಅಂಕಿ ಓದುತ್ತೇನೆ, ಅದರಲ್ಲಿ ಅಣ್ಣನ ತೂಕ ಕಳೆಯುತ್ತೇವೆ. ಅಣ್ಣನ ತೂಕ ಎಪ್ಪತ್ತೆಂಟು. ಮದುವೆಯಾದಾಗಿನಿಂದ ಎಪ್ಪತ್ತೆಂಟು. ತರಬೇತಿಗೆಂದು ಹೋದ ಹಿಂದಿನ ಪ್ರಯಾಣಗಳಲ್ಲೆಲ್ಲ ಮನೆಯ ಲೆಕ್ಕವೂ ವಿಮಾನ ನಿಲ್ದಾಣದ ಲೆಕ್ಕವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಿರಲಿಲ್ಲ. ಇದರಿಂದ ಅಣ್ಣನಿಗೆ ಕೊಂಬು ಬಂದಿತ್ತು.

"ನಾನೇ ನಿಲ್ತೀನಿ ಬಿಡು, ನೀನು ಓದು" ಎಂದು ಒಮ್ಮೆ ಹೇಳಿದ್ದೆ.

"ನಿನ್ನ ತೂಕ ನಂಬೋಕಾಗುತ್ತಾ? ಬೆಳಿಗ್ಗೆ ಒಂದು, ಊಟ ಆದ್ಮೇಲೆ ಒಂದು. ನನ್ನ ನೋಡು, ಕಲ್ಲು! ಅಂಗಡಿಯವರು ನನ್ನನ್ನೇ ತಕ್ಕಡೀಲಿ ಇಟ್ಕೊಂಡು ಅಕ್ಕಿ ಮೂಟೆ ತೂಗಬಹುದು."

"ಹಾಗಾದ್ರೆ ಬೇಕರಿ ತಕ್ಕಡೀಲಿ ಒಂದೊಂದೇ ಸಾಮಾನು ತೂಗಿ ಕೂಡಿಸೋಣ."

"ಹಿಟ್ಟು ತೂಗೋ ತಕ್ಕಡಿ ಮೇಲೆ ನಿನ್ನ ರಬ್ಬರ್ ಚಪ್ಪಲಿ ಇಡ್ತೀಯಾ? ಕಾಲು ಮುರೀತೀನಿ" ಎಂದಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಈ ಸಲ ಹೊರಡುವ ಹಿಂದಿನ ದಿನ ಅಣ್ಣ ಬ್ಯಾಗನ್ನು ಎತ್ತಿಕೊಂಡು ಯಂತ್ರ ಹತ್ತಿದಾಗ ನಾನು ಉಸಿರು ಬಿಗಿಹಿಡಿದು ನೋಡಿದೆ. ತೊಂಬತ್ತೆರಡು. ಎಪ್ಪತ್ತೆಂಟು ಕಳೆದರೆ ಹದಿನಾಲ್ಕು! ನನಗೆ ನಂಬಿಕೆಯೇ ಬರಲಿಲ್ಲ. ಹದಿನೆಂಟೋ ಹತ್ತೊಂಬತ್ತೋ ಆಗುತ್ತದೆ, ಏನೇನು ಬಿಟ್ಟು ಹೋಗಬೇಕೋ ಎಂದು ತಲೆ ಕೆಡಿಸಿಕೊಂಡು ಕೂತಿದ್ದವಳು ನಾನು.

"ಇನ್ನೊಂದ್ಸಲ ನಿಲ್ಲು ಅಣ್ಣ."

ಅವನು ಇಳಿದು ಮತ್ತೆ ಹತ್ತಿದ. ಮತ್ತೆ ತೊಂಬತ್ತೆರಡು.

"ಹೊಸ ರೆಕ್ಕೆ ಹಗುರದ್ದು ಅಂತ ನೀನೇ ಕುಣಿದಾಡ್ತಿದ್ದೆಯಲ್ಲ" ಎಂದ ಅವನು, ಬ್ಯಾಗನ್ನು ಕೆಳಗಿಟ್ಟು ಏದುಸಿರು ಬಿಡುತ್ತಾ. "ಸೂಟೂ ತೆಳ್ಳಂದು ತಗೊಂಡಿದ್ದೀಯ. ಸರಿಯಾಗೇ ಇದೆ. ಕಲ್ಲಿನ ಮೇಲೆ ಅನುಮಾನ ಪಡಬೇಡ."

ಹೌದಲ್ಲ ಎನ್ನಿಸಿತು. ಖುಷಿ ಬೇಡ ಎನ್ನುವವರುಂಟೇ? ಇನ್ನೂ ಒಂದು ಕಿಲೋ ಜಾಗವಿದೆಯಲ್ಲ ಎಂದು ಆಸೆಯಾಯಿತು. ಆದರೂ ಮುಟ್ಟಲಿಲ್ಲ, ಜಿಪ್ ಎಳೆದು ಬೀಗ ಹಾಕಿದೆ.

ಮರುದಿನ ಅಣ್ಣನೇ ಕಾರಿನಲ್ಲಿ ಬಿಡಲು ಬಂದ. ಅತ್ತಿಗೆ ಬೇಕರಿಯ ಗಲ್ಲಾ ನೋಡಿಕೊಂಡು ಉಳಿದಳು. ದಾರಿಯಲ್ಲಿ ಅಣ್ಣ ಪೆಟ್ರೋಲ್ ಬಂಕಿನ ಹತ್ತಿರ ಒಮ್ಮೆ ನಿಲ್ಲಿಸಿ ಶೌಚಾಲಯಕ್ಕೆ ಹೋಗಿ ಬಂದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಕಡೆ ನಿಲ್ಲಿಸಿದ. ನಾನು ತಂದಿದ್ದ ನೀರಿನ ಬಾಟಲಿಯನ್ನು ಅವನೇ ಖಾಲಿ ಮಾಡಿದ.

"ವಿಮಾನ ಹತ್ತೋಳು ನಾನು, ಹೆದರಿಕೆ ನಿನಗಾ?" ಎಂದು ಛೇಡಿಸಿದೆ.

"ಒಲೆ ಮುಂದೆ ನಿಲ್ಲೋರಿಗೆ ಬಾಯಾರಿಕೆ ಇದ್ದಿದ್ದೇ. ನೀನು ನೀರಲ್ಲೇ ಇರೋ ಕಪ್ಪೆ, ನಿನಗೇನು ಗೊತ್ತು" ಎಂದ.

ನಿಲ್ದಾಣದಲ್ಲಿ ಆ ಪುಟ್ಟ ವಿಮಾನದ ಕೌಂಟರು ಒಂದು ಮೂಲೆಯಲ್ಲಿತ್ತು. ಅಲ್ಲಿದ್ದ ಹುಡುಗಿ ನಗುಮುಖದವಳು. ನಾನು ಜಂಬದಿಂದ ಬ್ಯಾಗನ್ನು ಬೆಲ್ಟಿನ ಮೇಲಿಟ್ಟೆ. ಅವಳ ನಗು ಹಾಗೇ ನಿಂತಿತು.

"ಇಪ್ಪತ್ತಿದೆ ಮೇಡಂ. ಹದಿನೈದೇ ಬಿಡೋದು."

"ಎಷ್ಟು?"

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಇಪ್ಪತ್ತು ಎಂದು ಕೆಂಪಗೆ ಹೊಳೆಯುತ್ತಿತ್ತು.

"ಸಾಧ್ಯನೇ ಇಲ್ಲ" ಎಂದ ಅಣ್ಣ ಹಿಂದಿನಿಂದ. "ಹದಿನಾಲ್ಕು. ನಾನೇ ತೂಗಿದ್ದೀನಿ."

ಬ್ಯಾಗನ್ನು ಇಳಿಸಿ, ಬೆಲ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿ, ಮತ್ತೆ ಇಟ್ಟೆವು. ಇಪ್ಪತ್ತು. ಪಕ್ಕದ ಕೌಂಟರು ಖಾಲಿಯಿತ್ತು, ಅಲ್ಲಿಯೂ ಇಟ್ಟು ನೋಡಿದೆವು. ಅಲ್ಲಿಯೂ ಇಪ್ಪತ್ತು. ನಿನ್ನೆ ಬಚ್ಚಲುಮನೆಯಲ್ಲಿ ಹದಿನಾಲ್ಕಿದ್ದ ಬ್ಯಾಗು ರಾತ್ರಿ ಬೀಗ ಹಾಕಿಕೊಂಡು ಮಲಗಿದ್ದಾಗ ಆರು ಕಿಲೋ ಉಂಡೆದ್ದಿತೇ? ನನ್ನ ಪಿತ್ತ ನೆತ್ತಿಗೇರಿತು. ಅದರ ಜೊತೆಗೆ, ಸುಳ್ಳೇಕೆ ಹೇಳಲಿ, ಕುತೂಹಲವೂ ಕೆರಳಿತು. ಎಲ್ಲಿಂದ ಬಂತು ಈ ಆರು ಕಿಲೋ?

"ಯಾರಾದ್ರೂ ಏನಾದ್ರೂ ತುರುಕಿದ್ದಾರಾ?" ಎಂದು ಅಣ್ಣ ಪಿಸುಗುಟ್ಟಿದ.

"ಮನೇಲಿ ಇದ್ದೋರು ನಾನು, ನೀನು, ಅತ್ತಿಗೆ. ಅತ್ತಿಗೆ ಏನು ತುರುಕ್ತಾಳೆ, ಬ್ರೆಡ್ಡಾ?"

"ಅವಳು ತುರುಕಿದ್ರೂ ತುರುಕಿರ್ತಾಳೆ. ದ್ವೀಪದಲ್ಲಿ ಊಟ ಸಿಗುತ್ತೋ ಇಲ್ವೋ ಅಂತ ಗೋಳಾಡ್ತಿದ್ಲು."

ಕೌಂಟರಿನ ಪಕ್ಕದಲ್ಲೇ ನೆಲದ ಮೇಲೆ ಬ್ಯಾಗು ಬಿಚ್ಚಿದೆ. ರಬ್ಬರ್ ಸೂಟು, ರೆಕ್ಕೆಗಳು, ಬೂಟು, ಟವೆಲು ಎಲ್ಲ ಹೊರಗೆ ಬಂದವು. ಸಾಲಿನಲ್ಲಿ ನಿಂತಿದ್ದವರು ಕತ್ತು ಉದ್ದ ಮಾಡಿ ನೋಡತೊಡಗಿದರು. ಒಬ್ಬ ಹೆಂಗಸು ಮಗುವಿಗೆ 'ಅದು ಆಮೆ ಕಾಲು' ಎಂದು ರೆಕ್ಕೆಯನ್ನು ತೋರಿಸಿದಳು. ಬ್ರೆಡ್ಡಿನ ಚೂರೂ ಸಿಗಲಿಲ್ಲ. ಅತ್ತಿಗೆಯ ಮೇಲೆ ಅನುಮಾನಪಟ್ಟದ್ದಕ್ಕೆ ಒಳಗೇ ನಾಚಿಕೆಯಾಯಿತು.

ಆಗ ನನಗೆ ಹೊಳೆಯಿತು. ನಮ್ಮ ಜಾಕೆಟ್ಟಿನ ಒಳಗೆ ಗಾಳಿ ತುಂಬುವ ಒಂದು ಚೀಲವಿರುತ್ತದೆ. ಸಮುದ್ರದಿಂದ ಬಂದ ಮೇಲೆ ಉಪ್ಪು ಹೋಗಲೆಂದು ಅದರೊಳಗೆ ನಲ್ಲಿನೀರು ಬಿಟ್ಟು ತೊಳೆಯುತ್ತೇವೆ. ಸರಿಯಾಗಿ ಬಸಿಯದಿದ್ದರೆ ಆ ನೀರು ಒಳಗೇ ಉಳಿದುಬಿಡುತ್ತದೆ. ಹೊರಗಿನಿಂದ ಮುಟ್ಟಿದರೆ ಜಾಕೆಟ್ಟು ಒಣಗಿದಂತೆಯೇ ಇರುತ್ತದೆ. ಎಷ್ಟೋ ಜನ ಹೀಗೆ ಸಮುದ್ರವನ್ನು ಹೊತ್ತುಕೊಂಡೇ ಊರಿಗೆ ಬಂದಿದ್ದಾರೆ.

"ನೀರು!" ಎಂದು ಕೂಗಿದೆ. "ಇದರೊಳಗೆ ನೀರಿದೆ!"

ಜಾಕೆಟ್ಟನ್ನು ತಲೆಕೆಳಗು ಮಾಡಿ, ಕೊಳವೆಯ ಗುಂಡಿ ಒತ್ತಿ ಹಿಡಿದು, ಕಸದ ಬುಟ್ಟಿಯ ಮೇಲೆ ಹಿಂಡಿದೆ. ಅಣ್ಣ ಎರಡೂ ಕೈಯಿಂದ ಚಪಾತಿ ಹಿಟ್ಟು ನಾದುವಂತೆ ಅದನ್ನು ಅದುಮಿದ. ಕೌಂಟರಿನ ಹುಡುಗಿಯೂ ಎದ್ದು ನಿಂತು ಬಗ್ಗಿ ನೋಡಿದಳು. ಕೊಳವೆ ಪುಸ್ಸೆಂದಿತು. ಮೂರು ಹನಿ ನೀರು ಬಿತ್ತು. ಅಷ್ಟೆ.

"ಮೂರು ಹನಿ ಆರು ಕಿಲೋ ಇರಲ್ಲ ಅಲ್ವಾ ಮೇಡಂ?" ಎಂದಳು ಹುಡುಗಿ ಮೆಲ್ಲಗೆ. ಅವಳಿಗೂ ಈಗ ಕುತೂಹಲ ಹತ್ತಿಕೊಂಡಿತ್ತು.

ಆರು ಕಿಲೋ ಎಲ್ಲಿಂದಲಾದರೂ ಬಂದಿರಲಿ, ಈಗ ಐದಾದರೂ ಇಳಿಸಬೇಕಿತ್ತು. ಕೈಚೀಲ ಮೊದಲೇ ಭರ್ತಿ, ರೆಗ್ಯುಲೇಟರು ಅದರಲ್ಲಿತ್ತು. ರಬ್ಬರ್ ಸೂಟನ್ನು ಬಟ್ಟೆಯ ಮೇಲೇ ಹಾಕಿಕೊಂಡುಬಿಡಲೇ ಎಂದು ಯೋಚಿಸಿದೆ. ಮೈಮೇಲಿರುವುದನ್ನು ಯಾರೂ ತೂಗುವುದಿಲ್ಲವಲ್ಲ! ಬೂಟು ಕಾಲಿಗೆ, ಟಾರ್ಚು ಜೇಬಿಗೆ, ಟವೆಲು ಕೊರಳಿಗೆ. ಸೂಟಿನೊಳಗೆ ಒಂದು ಕಾಲು ತೂರಿಸಿ ಕುಪ್ಪಳಿಸುತ್ತಿದ್ದೆ. ಅಣ್ಣನಿಗೆ ಅದು ಅವಮಾನವಾಗಿ ಕಂಡಿತು. ನನಗಾದದ್ದಲ್ಲ, ಅವನ ಲೆಕ್ಕಕ್ಕಾದದ್ದು.

"ನೀನು ಯಾಕೆ ಕೋತಿ ಥರ ಕುಣೀಬೇಕು? ತಪ್ಪಿರೋದು ಇವರ ಯಂತ್ರ. ಈಗ ತೋರಿಸ್ತೀನಿ ನೋಡು" ಎಂದವನೇ ಚಪ್ಪಲಿ ಬಿಟ್ಟು ಬೆಲ್ಟಿನ ಮೇಲೆ ಹತ್ತಿ ನಿಂತ.

"ಸರ್, ಸರ್! ಮನುಷ್ಯರು ಹತ್ತಬಾರದು ಅದರ ಮೇಲೆ!"

"ಒಂದು ನಿಮಿಷ ಕಣಮ್ಮ. ನನ್ನ ತೂಕ ಎಪ್ಪತ್ತೆಂಟು. ಮದುವೆಯಾದಾಗಿಂದ ಅಷ್ಟೇ. ನಿನ್ನ ಯಂತ್ರ ಏನು ಹೇಳುತ್ತೆ ನೋಡು."

ಹುಡುಗಿ ಬೇರೆ ದಾರಿಯಿಲ್ಲದೆ ಪರದೆ ನೋಡಿದಳು. "ಎಪ್ಪತ್ತೆರಡು ಸರ್."

ಅಣ್ಣ ಚಪ್ಪಾಳೆ ತಟ್ಟಿದ. "ನೋಡಿದ್ರಾ? ನೋಡಿದ್ರಾ ಎಲ್ಲರೂ? ಸರಿಯಾಗಿ ಆರು ಕಿಲೋ ತಪ್ಪು! ಬ್ಯಾಗಲ್ಲೂ ಆರು, ನನ್ನಲ್ಲೂ ಆರು! ನಾನು ಹೇಳಲಿಲ್ವಾ?" ಸಾಲಿನಲ್ಲಿದ್ದ ಇಬ್ಬರು ತಲೆದೂಗಿದರು. ಹುಡುಗಿಯ ಮುಖ ಪೆಚ್ಚಾಯಿತು. ಅಣ್ಣ ಯುದ್ಧ ಗೆದ್ದವನ ಹಾಗೆ ಬೆಲ್ಟಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

ನಾನೂ ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಏನೋ ಕಚ್ಚಿತು. ಯಂತ್ರ ಕೆಟ್ಟಿದ್ದರೆ ಬ್ಯಾಗಿಗೆ ಆರು ಹೆಚ್ಚು ತೋರಿಸಿ, ಅಣ್ಣನಿಗೆ ಆರು ಕಡಿಮೆ ತೋರಿಸುವುದು ಹೇಗೆ? ಹೆಚ್ಚು ತೋರಿಸುವ ಯಂತ್ರ ಎಲ್ಲರಿಗೂ ಹೆಚ್ಚು ತೋರಿಸಬೇಕು. ಕಡಿಮೆ ತೋರಿಸುವುದಾದರೆ ಬ್ಯಾಗಿಗೂ ಕಡಿಮೆ ತೋರಿಸಬೇಕು. ಅಲ್ಲಿಗೂ ಇಲ್ಲಿಗೂ ಅದೇ ಆರು ಯಾಕೆ?

ಸೂಟಿನೊಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟುಕೊಂಡೇ ಕೂಡಿಸಿದೆ. ಎಪ್ಪತ್ತೆರಡು, ಇಪ್ಪತ್ತು. ತೊಂಬತ್ತೆರಡು. ನಿನ್ನೆ ಮನೆಯಲ್ಲಿ ನಾನೇ ಓದಿದ ಅಂಕಿ ಅದು. ಮನೆಯ ಯಂತ್ರ ತಪ್ಪಿರಲಿಲ್ಲ. ಇಲ್ಲಿಯ ಯಂತ್ರವೂ ತಪ್ಪಿಲ್ಲ. ಬ್ಯಾಗು ನಿನ್ನೆಯೂ ಇಪ್ಪತ್ತೇ ಇತ್ತು. ತಪ್ಪಿದ್ದು ನಾವು ಕಳೆದ ಎಪ್ಪತ್ತೆಂಟು.

ತಲೆಯೆತ್ತಿ ಅಣ್ಣನನ್ನು ನೋಡಿದೆ. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ? ಅವತ್ತು ನೋಡಿದೆ. ಬೆಲ್ಟಿನ ಮೇಲೆ ಎತ್ತರದಲ್ಲಿ ನಿಂತಿದ್ದನಲ್ಲ, ಸರಿಯಾಗಿ ಕಂಡ. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ಅಲ್ಲಾಡುತ್ತಿತ್ತು. ಕೊರಳ ಎಲುಬು ಎದ್ದು ಬಂದಿತ್ತು. ಚಪ್ಪಾಳೆ ತಟ್ಟಿದಾಗ ಕೈಗಡಿಯಾರ ಮೊಣಕೈಯವರೆಗೆ ಜಾರಿ ಅಲ್ಲೇ ನಿಂತಿತ್ತು. ಬಾಯಾರಿಕೆ ಒಲೆಯದ್ದಲ್ಲ. ಕಾರು ನಿಲ್ಲಿಸಿದ್ದೂ ಸುಮ್ಮನೆ ಅಲ್ಲ.

"ಅಣ್ಣ, ಇಳಿ."

"ಮೊದಲು ಇವರು ತಪ್ಪು ಒಪ್ಕೊಳ್ಲಿ."

"ಇಳಿ ಅಂದ್ನಲ್ಲ!" ನನ್ನ ದನಿ ಎಲ್ಲಿಂದ ಬಂತೋ, ಸಾಲಿನಲ್ಲಿದ್ದ ಮಗು ಅಳಲು ಶುರು ಮಾಡಿತು. ಅಣ್ಣ ಬೆಪ್ಪಾಗಿ ಇಳಿದ. ನಾನು ಅವನ ಮುಂಗೈ ಹಿಡಿದೆ. ನನ್ನ ಬೆರಳುಗಳು ಸುತ್ತ ಬಂದು ಒಂದಕ್ಕೊಂದು ತಾಗಿದವು. "ಯಂತ್ರ ಸರಿಯಾಗಿದೆ. ಆರು ಕಿಲೋ ಹೋಗಿರೋದು ನಿನ್ನಿಂದ. ಯಾವಾಗಿಂದ ಹೀಗೆ ನೀರು ಕುಡೀತಿದ್ದೀಯ?"

"ಏನೋ ಒಂದು... ಬೇಸಿಗೆ..."

"ಸುಳ್ಳು ಹೇಳಬೇಡ. ರಾತ್ರಿ ಎಷ್ಟು ಸಲ ಏಳ್ತೀಯ?"

ಅವನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ.

ಬಾಗಿಲ ಹತ್ತಿರ ಪ್ರಯಾಣಿಕರಿಗೆಂದು ಒಂದು ಚಿಕ್ಕ ಚಿಕಿತ್ಸಾ ಕೋಣೆಯಿತ್ತು. ಕಾಲಿನಿಂದ ಸೂಟನ್ನು ಕಿತ್ತು, ಬ್ಯಾಗು, ರೆಕ್ಕೆ ಎಲ್ಲವನ್ನೂ ಅಲ್ಲೇ ನೆಲದ ಮೇಲೆ ಬಿಟ್ಟು ಅವನನ್ನು ದರದರ ಎಳೆದುಕೊಂಡು ಹೋದೆ. ಒಳಗೆ ನರ್ಸಮ್ಮ ಒಬ್ಬರು ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ಅವನ ಬೆರಳು ಚುಚ್ಚಿ, ರಕ್ತದ ಹನಿಯನ್ನು ಸಕ್ಕರೆ ಅಳೆಯುವ ಪುಟ್ಟ ಯಂತ್ರಕ್ಕೆ ಕೊಟ್ಟರು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ನರ್ಸಮ್ಮ ಬೇರೆ ಬೆರಳು ಚುಚ್ಚಿದರು. ಆಗಲೂ ಅಂಕಿ ಬರಲಿಲ್ಲ.

"ಇದೂ ಕೆಟ್ಟಿದೆಯಾ?" ಎಂದ ಅಣ್ಣ, ನಗಲು ನೋಡುತ್ತಾ.

"ಕೆಟ್ಟಿಲ್ಲ. ಇದು ಅಳೆಯೋಕಾಗೋದಕ್ಕಿಂತ ಜಾಸ್ತಿ ಇದೆ ನಿಮ್ಮ ಸಕ್ಕರೆ" ಎಂದರು ಅವರು. ಅವರ ಮುಖದಲ್ಲಿ ನಗುವಿರಲಿಲ್ಲ. "ಮೊದಲೇ ಇತ್ತಾ ನಿಮಗೆ? ಗೊತ್ತಿರಲಿಲ್ವಾ? ಹೊಟ್ಟೆನೋವು, ವಾಂತಿ ಏನಾದ್ರೂ ಇದೆಯಾ?"

"ನಿನ್ನೆಯಿಂದ ಸ್ವಲ್ಪ ಹೊಟ್ಟೆ ತೊಳಸಿದ ಹಾಗೆ."

"ಹಾಗಾದ್ರೆ ಈಗಲೇ ಆಸ್ಪತ್ರೆಗೆ ಹೋಗಬೇಕು. ನಾಳೆ, ನಾಳಿದ್ದು ಅನ್ನಬೇಡಿ. ನಾನು ಆಂಬುಲೆನ್ಸಿಗೆ ಹೇಳ್ತೀನಿ." ಅವರು ಫೋನೆತ್ತಿಕೊಂಡು ಒಳಗೆ ಹೋದರು.

ಅದೇ ಹೊತ್ತಿಗೆ ಕೌಂಟರಿನ ಹುಡುಗಿ ಓಡಿಬಂದಳು. ನನ್ನ ಬ್ಯಾಗನ್ನು ಅವಳೇ ತುಂಬಿ ಎಳೆದುಕೊಂಡು ಬಂದಿದ್ದಳು. "ಮೇಡಂ, ಇಬ್ಬರು ಪ್ರಯಾಣಿಕರು ಬರಲಿಲ್ಲ. ಜಾಗ ಆಯ್ತು. ನಿಮ್ಮ ಬ್ಯಾಗು ಹಾಗೇ ಇಪ್ಪತ್ತು ಕಿಲೋನೂ ಹೋಗಬಹುದು. ಬೇಗ ಬನ್ನಿ, ಬಾಗಿಲು ಹಾಕ್ತಾರೆ."

ಪಾಪ, ಎಷ್ಟು ಆಸೆಯಿಂದ ಓಡಿಬಂದಿದ್ದಳು! ಕಾಲು ಗಂಟೆ ಮುಂಚೆ ಈ ಮಾತು ಹೇಳಿದ್ದರೆ ನಾನು ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದೆ.

"ಹೋಗು" ಎಂದ ಅಣ್ಣ ತಕ್ಷಣ. "ಹೋಗೇ ಕಪ್ಪೆ. ಆಂಬುಲೆನ್ಸ್ ಬರುತ್ತೆ, ನಾನು ಹೋಗ್ತೀನಿ. ನಿಮ್ಮ ಅತ್ತಿಗೆ ಬರ್ತಾಳೆ. ಇದು ಮೂರನೇ ಸಲ, ಮತ್ತೆ ಸಿಗಲ್ಲ. ಸಕ್ಕರೆ ಕಾಯಿಲೆ ಯಾರಿಗಿಲ್ಲ ಊರಲ್ಲಿ? ಹೇಗಿದ್ರೂ ನೀನು ಹೋದ್ಮೇಲೆ ತೋರಿಸ್ಕೊಳ್ಳೋಣ ಅಂತಾನೇ ಇದ್ದೆ."

"ಏನಂದೆ?"

ಅವನು ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ನಿನಗೆ ಗೊತ್ತಿತ್ತಾ?"

"ಸಕ್ಕರೆ ಅಂತ ಗೊತ್ತಿರಲಿಲ್ಲ, ಆಣೆ. ಏನೋ ಸರಿ ಇಲ್ಲ ಅಂತ ಗೊತ್ತಿತ್ತು. ಕಣ್ಣು ಮಂಜಾಗ್ತಿತ್ತು. ಹಿಟ್ಟಿನ ಮೂಟೆ ಎತ್ತಿದ್ರೆ ಕಾಲು ನಡುಗ್ತಿತ್ತು. ಹೇಳಿದ್ರೆ ನೀನು ಪರೀಕ್ಷೆ ಬಿಟ್ಟು ಕೂತ್ಬಿಡ್ತೀಯ ಅಂತ... ನೀನು ಹೊರಟ ಮೇಲೆ ಡಾಕ್ಟರ ಹತ್ತಿರ ಹೋಗೋಣ ಅಂತಿದ್ದೆ. ತೂಕ ಇಳಿದಿರೋದು ಮಾತ್ರ ನಿಜವಾಗ್ಲೂ ಗೊತ್ತಿರಲಿಲ್ಲ ಕಣೇ. ನಿನ್ನ ಬ್ಯಾಗ್ ಇಲ್ದೆ ನಾನು ಯಾವತ್ತು ಆ ಯಂತ್ರದ ಮೇಲೆ ನಿಂತಿದ್ದೆ?"

ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಯ ಎದುರಿಗೇ ಅಣ್ಣನನ್ನು ಬಾಯಿಗೆ ಬಂದಂತೆ ಬೈದೆ. ದೊಡ್ಡಮನುಷ್ಯ ಎಂದೆ, ತ್ಯಾಗರಾಜ ಎಂದೆ, ನನ್ನ ಕೇಳದೆ ನನ್ನ ಪರವಾಗಿ ತೀರ್ಮಾನ ಮಾಡಲು ನಿನಗೆ ಯಾರು ಅಧಿಕಾರ ಕೊಟ್ಟರು ಎಂದೆ. ಬೈಯುತ್ತಾ ಬೈಯುತ್ತಾ ಅಳು ಬಂತು. ನನಗೆ ಭಯವಾಗಿತ್ತು. ಅಪ್ಪ ಅಮ್ಮ ಹೋದಾಗ ಇನ್ನೂ ಅಣ್ಣ ಇದ್ದ. ಅಣ್ಣ ಹೋದರೆ ಇನ್ನು ಯಾರು?

"ಮೇಡಂ..." ಎಂದಳು ಹುಡುಗಿ, ಗೋಡೆಯ ಗಡಿಯಾರ ನೋಡುತ್ತಾ.

"ನಾನು ಬರಲ್ಲಮ್ಮ. ಬಾಗಿಲು ಹಾಕಿಸಿ."

"ಖಂಡಿತನಾ?"

ಆ ಪರೀಕ್ಷೆ ನನಗೆ ಬೇಡವಾಗಿತ್ತು ಎಂದರೆ ಸುಳ್ಳು. ಎಷ್ಟು ವರ್ಷ ಅದರ ಕನಸು ಕಂಡಿದ್ದೆ, ಕನಸಿನಲ್ಲಿ ಎಷ್ಟು ಸಲ ಪಾಸಾಗಿದ್ದೆ. ಆದರೂ ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಭುಜವನ್ನೊಮ್ಮೆ ಮುಟ್ಟಿ ಹೊರಟುಹೋದಳು.

ಅಣ್ಣ ಬ್ಯಾಗಿನ ಹಿಡಿಗೆ ಕೈ ಹಾಕಲು ಬಂದ. "ಮುಟ್ಟಿದ್ರೆ ನೋಡು!" ಎಂದೆ. ಅವನು ಶಾಲೆಯ ಹುಡುಗನಂತೆ ಕೈ ಹಿಂದಕ್ಕೆ ತೆಗೆದುಕೊಂಡ.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಅತ್ತಿಗೆ ಏಪ್ರನ್ ಕೂಡ ಬಿಚ್ಚದೆ ಓಡಿಬಂದಳು. "ಪ್ಯಾಂಟು ಸಡಿಲ ಅಂದಾಗ ನಾನೇ ಹೊಲಿದು ಕೊಟ್ಟೆನಲ್ಲೇ" ಎಂದು ನನ್ನ ಕೈ ಹಿಡಿದು ಅತ್ತಳು. "ಹೊಟ್ಟೆ ಕರಗ್ತಿದೆ, ವಾಕಿಂಗ್ ಫಲ ಕೊಟ್ಟಿತು ಅಂತ ಖುಷಿ ಬೇರೆ ಪಟ್ಟೆ." ನಾನು ಅವಳ ಬೆನ್ನು ಸವರಿದೆ. ನಾನೂ ಅದೇ ಮನೆಯಲ್ಲಿದ್ದವಳು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಅಣ್ಣ ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ಗುಣವಾಗುತ್ತದೆಯೇ ಎಂದಲ್ಲ, ಮನೆಗೆ ಯಾವಾಗ ಎಂದಲ್ಲ. "ಆ ಆರು ಕಿಲೋ ಎಲ್ಲಿಗೆ ಹೋಯ್ತು ಡಾಕ್ಟ್ರೇ?"

ಡಾಕ್ಟರು ತಾಳ್ಮೆಯವರು, ಮಂಚದ ತುದಿಯಲ್ಲಿ ಕೂತು ಹೇಳಿದರು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಅದನ್ನು ಬಳಸಿಕೊಳ್ಳಲು ಮೈಗೆ ಬರುತ್ತಿರಲಿಲ್ಲವಂತೆ. ಉಣ್ಣಲು ಸಿಗದೆ ಮೈ ತನ್ನನ್ನೇ ತಿನ್ನತೊಡಗಿತ್ತಂತೆ, ಮೊದಲು ಕೊಬ್ಬು, ಆಮೇಲೆ ಮಾಂಸ. ಔಷಧಿ ತಪ್ಪಿಸದೆ ತೆಗೆದುಕೊಂಡರೆ ಸಾಕು, ಮೊದಲಿನ ಹಾಗೆ ಬದುಕಬಹುದು ಎಂದರು. "ಆದ್ರೆ ಇನ್ನೊಂದೆರಡು ದಿನ ಬಿಟ್ಟಿದ್ರೆ ನೀವಾಗಿ ನಡ್ಕೊಂಡು ಇಲ್ಲಿಗೆ ಬರ್ತಿರಲಿಲ್ಲ. ಪ್ರಜ್ಞೆ ತಪ್ಪಿ ಎಲ್ಲೋ ಬಿದ್ದಿರ್ತಿದ್ರಿ. ಹೇಗೆ ಗೊತ್ತಾಯ್ತು ಇವತ್ತು?"

ಅಣ್ಣ ನನ್ನ ಕಡೆ ನೋಡಿದ. ಆ ಕತೆ ಹೇಳಲು ಆಗ ನನ್ನಲ್ಲಿ ತ್ರಾಣವಿರಲಿಲ್ಲ.

ಸಂಜೆ ದ್ವೀಪಕ್ಕೆ ಫೋನ್ ಮಾಡಿದೆ. ಪರೀಕ್ಷಕರು ಎಲ್ಲವನ್ನೂ ಕೇಳಿಸಿಕೊಂಡು ನಿಜವಾಗಿಯೂ ನೊಂದುಕೊಂಡರು. ಆದರೆ ನಿಯಮ ನಿಯಮವೇ. ತರಬೇತಿ ಮತ್ತೆ ಮೊದಲಿನಿಂದ. ಆಯಿತು ಎಂದು ಫೋನ್ ಇಟ್ಟು ಒಳಗೆ ಬಂದೆ. ನನ್ನ ಮುಖ ನೋಡಿಯೇ ಅಣ್ಣನಿಗೆ ಗೊತ್ತಾಯಿತು.

"ನೀನು ಹೋಗಬೇಕಿತ್ತು ಕಣೇ" ಎಂದ ಮೆಲ್ಲಗೆ. "ನಿಮ್ಮ ಅತ್ತಿಗೆ ಇದ್ದಳಲ್ಲ. ಏನಾದ್ರೂ ಆದ್ರೆ ನಿನಗೆ ಫೋನ್ ಮಾಡ್ತಿದ್ಲು."

"ಬ್ಯಾಗು ಹದಿನಾಲ್ಕೇ ಕಿಲೋ ಇದ್ದಿದ್ರೆ ನಾನು ನಗ್ತಾ ನಗ್ತಾ ಹೋಗಿರ್ತಿದ್ದೆ" ಎಂದೆ. "ನಾಳೆ ನಾಳಿದ್ದರಲ್ಲಿ ನೀನು ಒಲೆ ಮುಂದೆ ಬೀಳ್ತಿದ್ದೆ. ಅತ್ತಿಗೆ ಫೋನ್ ಮಾಡ್ತಿದ್ಲು, ಹೌದು. ಆಗ ನಾನು ನೀರಿನ ಕೆಳಗೆ ಇರ್ತಿದ್ದೆ ಅಣ್ಣ. ಅಲ್ಲಿಗೆ ಯಾವ ಫೋನೂ ಬರಲ್ಲ. ಮೀನು ನೋಡ್ಕೊಂಡು, ಅದಕ್ಕಿಂತ ಸುಖ ಬೇರೆ ಇಲ್ಲ ಅಂದ್ಕೊಂಡು ಇರ್ತಿದ್ದೆ. ಮೇಲೆ ಬಂದು ಮುಖವಾಡ ತೆಗೆಯೋಷ್ಟರಲ್ಲಿ ನೀನು ಇರ್ತಿರಲಿಲ್ಲ."

ಅಣ್ಣ ಸೂಜಿ ಚುಚ್ಚಿದ ಕೈಯನ್ನು ಹಾಸಿಗೆಯ ಮೇಲೆ ನಿಧಾನಕ್ಕೆ ನನ್ನ ಕಡೆ ಸರಿಸಿ, ನನ್ನ ಕಿರುಬೆರಳನ್ನು ಹಿಡಿದುಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದ. ಅವನು ಅಳುತ್ತಿದ್ದ. ಅತ್ತಿಗೆ ಬಾಗಿಲು ಮುಂದೆ ಮಾಡಿ ಬಂದು ನಮ್ಮ ಪಕ್ಕದಲ್ಲಿ ಕೂತಳು.